ಮೋರೆ

ನವನಗರದಾಗ, ಬೀಜ-ಗೊಬ್ಬರದ ಅಂಗಡಿ ಮ್ಯಾಲೆ
ನಮ್ಮ ಸ್ಟುಡಿಯೋ. ಹದಿನಾರು ಮೆಟ್ಟಿಲು.
ಗ್ವಾಡಿಗೆ ಫೋಮ್ ಅಲ್ಲ, ಕೌದಿ.
ಮೌಲಾಸಾಬ ನದಾಫ ಮನಿಯಿಂದ ಹೊತ್ತು ತಂದು ಬಡದದ್ದು,
ಅದರ ಹಿಂದ ಅವರಪ್ಪ ಹಿಂಜಿದ ಹತ್ತಿ.
ದನಿ ಗ್ವಾಡಿಗೆ ಹಾದು ತಿರಗಿ ಬರಬಾರದು ಅಂತ.
"ಬಿಲ್ಲಿನ ಟುಂಯ್ ಟುಂಯ್ ಕೇಳಿ ಬೆಳದ ಕಿವಿ ನಂದು,
ನಿಮ್ಮ ಮೀಟರಿನ ಮುಳ್ಳು ಆಮ್ಯಾಲೆ ನೋಡೂಣು" ಅಂತಾನ.

ಹೊಸ ಕ್ಯಾಮರಾ ಬಂದ ದಿನ
ಊದಿನಕಡ್ಡಿ ಹಚ್ಚಿ, ಕಾಯಿ ಒಡದು
ಹಳೇದನ್ನ ಗೋಣಿಚೀಲದಾಗ ಸುತ್ತಿ ಇಟ್ವಿ.
ಹಳೇದು ಪಾಪ, ಮುದುಕರ ಕಣ್ಣು.
ಮೊಡವಿ ಬಿಟ್ಟು ಮಾರಿಯಷ್ಟ ನೋಡತಿತ್ತು.

ಸಂಜಿ ಏಳರ ಸುದ್ದಿಗೆ ಅಂಬುಜಾ ಉಂಕಿ ಬಂದು ಕೂತಳು.
ಹಸರು ಉಟ್ರ ಹಿಂದಿನ ಪರದೆ ನುಂಗತೈತಿ ಅಂತ ನೀಲಿ ಸೀರಿ,
ಕುಪ್ಪಸ ಮಾತ್ರ ಗುಳೇದಗುಡ್ಡದ ಖಣ, ರುದ್ರಾಕ್ಷಿ ಬುಟ್ಟಾ.
ಮಾನಿಟರಿನಾಗ ನೋಡಿದ್ರ
ಖಣ ಕುದಿಯಾಕ ಹತ್ತಿತ್ತು.
ಇಲ್ಲದ ಬಣ್ಣ, ಇಲ್ಲದ ತೆರಿ,
ಆಕಿ ಉಸರು ತಗೊಂಡ್ರ ಸಾಕು
ತೋಳಿನ ತುಂಬ ಕಾಮನಬಿಲ್ಲು ಹುಳಾ ಆಗಿ ಹರದಾಡತಿತ್ತು.

"ಅದು ಮೋರೆ," ಅಂದ ಹುಬ್ಬಳ್ಳಿ ಇಂಜಿನಿಯರು ಫೋನಿನಾಗ.
"ಮೋರೆ ಅಲ್ರಿ, ಕುಪ್ಪಸ" ಅಂದೆ.
"ಅಲ್ಲೋ ಮಾರಾಯಾ, ಆ ರೋಗದ ಹೆಸರ ಮೋರೆ.
ಸಣ್ಣ ಗೆರಿ ಮ್ಯಾಲೆ ಸಣ್ಣ ಗೆರಿ ಬಿದ್ರ ಬರೂದು.
ಸಾದಾ ಬಟ್ಟಿ ಹಾಕ್ಕೊಳ್ಳಾಕ ಹೇಳು."

ಅಂಬುಜಾ ಸಿಟ್ಟಿಗೇಳಲಿಲ್ಲ. ತೋಳು ಮುಂದ ಚಾಚಿದಳು.
"ಕುಣಿಯೊಳಗ ಕಾಲು ಇಳಿಬಿಟ್ಟು
ನಮ್ಮಪ್ಪ ಒಂದೊಂದ ಎಳಿ ಎಣಿಸ್ಯಾನ.
ನಿಮ್ಮ ಕ್ಯಾಮರಾನೂ ಎಣಸತೈತಿ ಅಂತೀರಿ.
ಇಬ್ಬರ ಲೆಕ್ಕ ಕೂಡಲಿಲ್ಲ ಅಂದ್ರ
ತಪ್ಪು ಅಪ್ಪಂದ ಅಂತ ಹೆಂಗ ಗೊತ್ತು?"

ಏಳಕ್ಕ ನಾಲ್ಕು ನಿಮಿಷ ಇತ್ತು.
ನಾನು ಏನೂ ಅನಲಿಲ್ಲ, ಫೋಕಸ್ಸಿನ ಉಂಗರ ಹಿಡದು
ಒಂದು ಕೂದಲೆಳಿಯಷ್ಟು ತಿರುವಿದೆ.
ಉಕ್ಕೂ ಹಾಲಿಗೆ ನೀರು ಚಿಮುಕಿಸಿದಂಗ
ಖಣ ಇಳೀತು.

ಇನ್ನೊಂದು ಉಳದಿತ್ತು. ಹೊಸ ಪೆಟ್ಟಿಗಿಯೊಳಗ ಹಾದು ಬರೂದರಾಗ
ಚಿತ್ರಕ್ಕ ಮೂರು ಫ್ರೇಮ್ ತಡ.
ಮಾತು ಮೊದಲ ಮುಟ್ಟಿ, ತುಟಿ ಹಿಂದಿಂದ ಓಡಿ ಬರತಿದ್ದವು.
ಮೌಲಾಸಾಬ ಹೆಡ್‌ಫೋನು ಒಂದ ಕಿವಿಗೆ ಸಿಗಿಸಿ
ದನಿಯನ್ನ ಹೊಸ್ತಿಲದಾಗ ನಿಲ್ಲಿಸಿದ:
"ತಡಿಯವ್ವಾ, ಮಾರಿ ಬರಲಿ."
ಒಂದು. ಎರಡು. ಮೂರು.

"ನಮಸ್ಕಾರ" ಅಂದಳು.
ನಳದ ನೀರು ಮೂರು ದಿನಕ್ಕೊಮ್ಮೆ ಅಂದಳು,
ಅನಗವಾಡಿ ಸೇತುವಿ ಮ್ಯಾಲೆ ಎಮ್ಮಿಯೊಂದು
ಎರಡು ಬಸ್ಸು ತರುಬಿದ್ದು ಅಂದಳು, ನಗದ.

ಎಂಟಕ್ಕ ಗುಳೇದಗುಡ್ಡದಿಂದ ಫೋನ್. ಸ್ಪೀಕರಿಗೆ ಹಾಕಿದಳು.
ಹಿಂದ ಮಗ್ಗದ ಲಟಕ್ ಪಟಕ್ ಕೇಳಿ
ಮೌಲಾಸಾಬ ಕಣ್ಣು ಮುಚ್ಚಿದ: "ಎಲ್ಲೋ ಒಂದು ಹಲಗಿ ಸಡಿಲ ಐತಿ."
"ಖಣ ಚಲೋ ಕಂಡಿತವ್ವಾ," ಅಂದ ಮುದುಕ,
"ಸುಮ್ಮನ ಕೂತಿತ್ತು.
ಆದ್ರ ಮಾರಿ ಯಾಕ ಮಸಕಾಗಿತ್ತು? ಅತ್ತಿದ್ದೇನು?"

ಆಕಿ ನನ್ನ ಕಡೆ ನೋಡಿದಳು.
ನಾನು ಉಂಗರದ ಕಡೆ.

ಹೋಗೂ ಮುಂದ ಬ್ಯಾಗಿನಾಗಿಂದ ಇನ್ನೊಂದು ಖಣ ತಗದು
ಖುರ್ಚಿ ಬೆನ್ನಿಗೆ ಹೊದಿಸಿ ಹ್ವಾದಳು, ಏನೂ ಹೇಳದ.
ಕ್ಯಾಮರಾ ಹಿಂದ ಸರಿಸಿದೆ, ಮುಂದ ತಂದೆ, ಎಡಕ್ಕ,
ಮತ್ತ ಒಂದು ಗೇಣು ಹಿಂದ.
ಕೆಳಗ ಅಂಗಡಿ ಶಟರ್ ಎಳದರು, ನಾಯಿ ಬೊಗಳಿ ಸುಮ್ಮನಾದವು.
ಹನ್ನೊಂದೂವರಿಗೆ ಜಾಗ ಸಿಕ್ತು:
ಎಳಿಗೆ ಎಳಿ ಬ್ಯಾರೆ, ಎಲ್ಲೂ ನಡುಕ ಇಲ್ಲ.

ಮೂರು ಕಾಲಿಗೆ ಮೂರು ಕೆಂಪು ಟೇಪು ಅಂಟಿಸಿ
ಕಸ ಹೊಡಿಯೂ ಸಿದ್ಧವ್ವಗ ಅಂತ ಪೆನ್ನಿಲೆ ಬರದೆ:
ಕೀಳಬ್ಯಾಡ. ಇಲ್ಲಿಂದ ಮೋರೆ ಇಲ್ಲ, ಮಾರಿ ಐತಿ.

ಸಿದ್ಧವ್ವಗ ಓದಾಕ ಬರೂದಿಲ್ಲ, ಅದು ಆಮ್ಯಾಲೆ ನೆನಪಾತು.
ಮುಂಜಾನೆ ಬಂದು ನೋಡಿದ್ರ
ಟೇಪಿನ ಸುತ್ತ ಧೂಳಿನಾಗ
ಕಸಬರಗಿ ಬಳಸಿ ಹ್ವಾದ ಗೆರಿ ಇದ್ದವು.